ಹೊಸ ಟೂಲ್‌ಗೆ ಮುನ್ನ ಕೈಪಿಡಿ

ಕಮಾಂಡ್ ಲೈನ್‌ನ ಉಪಯುಕ್ತ ಟೂಲ್‌ಗಳಲ್ಲಿ ಹಲವು ಕಂಪ್ಯೂಟರಿನೊಳಗೆ ಮೊದಲೇ ಇರುತ್ತವೆ. ಹೆಸರು ಗೊತ್ತಿರುವುದಿಲ್ಲ, ಅಷ್ಟೆ. ಲಿನಕ್ಸ್‌ನಲ್ಲಿ ‘ಅಪ್ರೋಪೋಸ್’ ಎಂದು ಬರೆದು, ಮುಂದೆ ಆಗಬೇಕಾದ ಕೆಲಸದ ಇಂಗ್ಲಿಷ್ ಪದ ಕೊಟ್ಟರೆ ಸಂಬಂಧಪಟ್ಟ ಕಮಾಂಡ್‌ಗಳು ಸಾಲಾಗಿ ಬರುತ್ತವೆ. ಒಂದೊಂದರ ವಿವರಕ್ಕೆ ‘ಮ್ಯಾನ್’, ಅಂದರೆ ಕೈಪಿಡಿ, ಇದೆ. ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್‌ನ ಮೊದಲ ಕೈಪಿಡಿ 1971ರ ನವೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನಿಂದ ಬಂತು; ಅದರ ಅಚ್ಚುಕಟ್ಟಾದ ರೂಪವೇ ಇಂದಿಗೂ ಉಳಿದಿದೆ.

ಮುಂಬೈಯ ವಿಲೆ ಪಾರ್ಲೆ ಪರಿಸರಕ್ಕೆ, ಇರುವ ಟೂಲ್‌ಗಳಿಂದಲೇ ಕೆಲಸ ಮಾಡಿಕೊಳ್ಳುವ ಈ ವಿದ್ಯೆ ಹೊಸದಲ್ಲ. ಪಕ್ಕದ ಜುಹುವಿನಲ್ಲಿದ್ದ ಸಾಫ್ಟ್‌ವೇರ್ ಸಂಶೋಧನಾ ಸಂಸ್ಥೆ ಎನ್‌ಸಿಎಸ್‌ಟಿ, 1980ರ ದಶಕದಲ್ಲಿ ಐಐಟಿ ಬಾಂಬೆಯೊಂದಿಗೆ ಟೆಲಿಫೋನ್ ತಂತಿಯ ಮೇಲೆ ಇ-ಮೇಲ್ ವಿನಿಮಯ ನಡೆಸಿತು. ಅದಕ್ಕೆ ಆಧಾರವಾದದ್ದು ಯೂಯೂಸಿಪಿ, ಅಂದರೆ ಒಂದು ಯೂನಿಕ್ಸ್ ಯಂತ್ರದಿಂದ ಇನ್ನೊಂದಕ್ಕೆ ಕಡತ ಸಾಗಿಸುವ ಸಾಧನ. ಕೈಗೆಟಕುವ ಟೂಲ್‌ನಿಂದಲೇ ಎಂಥ ದೊಡ್ಡ ಕೆಲಸ ಆಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇಂದು ಇದೇ ವಿಲೆ ಪಾರ್ಲೆಯ ಡಿ. ಜೆ. ಸಾಂಘ್ವಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಓದುವವರಿಗೆ ಆಯ್ಕೆ ಹೆಚ್ಚು. ಕಡತಗಳೊಳಗೆ ಪದ ಹುಡುಕಲು ‘ಗ್ರೆಪ್’ ಸಾಕು. ಸಾವಿರಾರು ಕಡತಗಳಿದ್ದರೆ ‘ರಿಪ್‌ಗ್ರೆಪ್’ ಬಲು ವೇಗ. ಜೇಸನ್ ದತ್ತಾಂಶ ಸೋಸಲು ‘ಜೆಕ್ಯೂ’, ಶೆಲ್ ಸ್ಕ್ರಿಪ್ಟಿನ ತಪ್ಪು ಹಿಡಿಯಲು ‘ಶೆಲ್‌ಚೆಕ್’. ಕೈಪಿಡಿ ದೀರ್ಘವೆನಿಸಿದರೆ ‘ಟಿಎಲ್‌ಡಿಆರ್’ ನಾಲ್ಕಾರು ಉದಾಹರಣೆಗಳಲ್ಲೇ ಬಳಕೆ ತಿಳಿಸುತ್ತದೆ.

ಆದರೆ ಇಂಥ ಟೂಲ್ ಹಾಕಿಕೊಳ್ಳುವಾಗ ಅಪರಿಚಿತ ಸ್ಕ್ರಿಪ್ಟನ್ನು ಓದದೆ ನೇರವಾಗಿ ಶೆಲ್‌ಗೆ ಹರಿಸುವುದು ಅಪಾಯ, ಅದೂ ಪೂರ್ಣ ಅಧಿಕಾರ ಕೊಡುವ ‘ಸುಡೊ’ ಜೊತೆಗಂತೂ ಬೇಡವೇ ಬೇಡ. ಹೊಸ ಟೂಲನ್ನು ಆದಷ್ಟು ಲಿನಕ್ಸ್ ವಿತರಣೆಯ ಅಧಿಕೃತ ಭಂಡಾರದಿಂದಲೇ ಹಾಕಿಕೊಳ್ಳಿ.