ಹಾಸಿಗೆಯೇ ನಾಡಿ ಹಿಡಿದಾಗ



ಚೆನ್ನೈನ ಕೀಲ್ಪಾಕ್‌ನಲ್ಲಿರುವ ನಮ್ಮ ಬಳಗದ ಹಿರಿಯರೊಬ್ಬರ ಪ್ರಶ್ನೆ: "ನಾವಿಬ್ಬರೇ ಇಲ್ಲಿ, ಮಗ ಬೆಂಗಳೂರಿನಲ್ಲಿ. ಹಾಸಿಗೆಯ ಕೆಳಗೆ ಹಾಸುವ ಒಂದು ಶೀಟ್ ಕಳಿಸಿದ್ದಾನೆ. ರಾತ್ರಿಯಿಡೀ ಎದೆಬಡಿತದ ಲೆಕ್ಕ ಅವನ ಮೊಬೈಲ್‌ಗೆ ಹೋಗುತ್ತದಂತೆ. ಇನ್ನು ಹೃದಯಾಘಾತದ ಭಯ ಬೇಡವೇ?"

ಉತ್ತರ ಮೊದಲೇ ಹೇಳಿಬಿಡೋಣ. ಶೀಟ್ ಉಪಯುಕ್ತ, ಆದರೆ ಅದು ಹೃದಯಾಘಾತ ಹಿಡಿಯುವ ಯಂತ್ರವಲ್ಲ. ಯಾಕೆ ಅನ್ನುವುದನ್ನು ಮನೆಯವರೆಲ್ಲ ತಿಳಿದಿರಬೇಕು.

*ಇದು ಕೆಲಸ ಮಾಡುವುದು ಹೇಗೆ?*

ಹೃದಯ ಪ್ರತಿ ಬಡಿತಕ್ಕೆ ಸುಮಾರು 70 ಮಿಲಿ ರಕ್ತವನ್ನು ಹೊರಕ್ಕೆ ದೂಡುತ್ತದೆ. ಆ ರಭಸಕ್ಕೆ ಇಡೀ ದೇಹ ಕೂದಲೆಳೆಯಷ್ಟು ಅಲುಗುತ್ತದೆ. ತೂಕದ ಯಂತ್ರದ ಮೇಲೆ ನಿಂತವರ ಎದೆಬಡಿತಕ್ಕೆ ತಕ್ಕಂತೆ ಮುಳ್ಳು ಅದುರುವುದನ್ನು 1877ರಲ್ಲೇ ಗಾರ್ಡನ್ ಎಂಬವರು ಗಮನಿಸಿದ್ದರು. 1939ರಲ್ಲಿ ಅಮೆರಿಕದ ವೈದ್ಯ ಐಸಾಕ್ ಸ್ಟಾರ್, ಆ ಅಲುಗಾಟವನ್ನು ಅಳೆಯುವ ಮಂಚವನ್ನೇ ಮಾಡಿದರು. ಈ ವಿಧಾನಕ್ಕೆ ಬ್ಯಾಲಿಸ್ಟೋಕಾರ್ಡಿಯೋಗ್ರಫಿ ಎಂದು ಹೆಸರು.

ಇಂದು ಮಂಚದ ಬದಲು ತೆಳುವಾದ ಶೀಟ್ ಸಾಕು. ಅದರೊಳಗಿನ ಸಂವೇದಕ, ಒತ್ತಡ ಬಿದ್ದಾಗ ಅತಿ ಸಣ್ಣ ವಿದ್ಯುತ್ ಸಂಕೇತ ಕೊಡುತ್ತದೆ. ಉಸಿರಾಟ ನಿಧಾನವಾದ ದೊಡ್ಡ ಅಲೆ. ಎದೆಬಡಿತ ಅದರ ಮೇಲೆ ಏಳುವ ಸಣ್ಣ, ವೇಗದ ಅಲೆ. ಕಂಪ್ಯೂಟರ್ ಇವೆರಡನ್ನೂ ಬೇರ್ಪಡಿಸಿ ಎಣಿಸುತ್ತದೆ. ಮೈಗೆ ವಯರ್ ಇಲ್ಲ, ದೇಹಕ್ಕೆ ವಿದ್ಯುತ್ ಹಾಯಿಸುವುದೂ ಇಲ್ಲ. 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಡೋಝೀ ಕಂಪನಿಯ ಶೀಟ್ ಇದೇ ಬಗೆಯದು. ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ವಾರ್ಡ್‌ಗಳಲ್ಲೂ ಬಳಕೆಯಾಯಿತು. (ಇದು ಜಾಹೀರಾತಲ್ಲ.)

ಇನ್ನೊಂದು ಬಗೆಯಲ್ಲಿ ಬೆಳ್ಳಿ ಲೇಪಿಸಿದ ನೂಲನ್ನು ಬೆಡ್‌ಶೀಟ್‌ನಲ್ಲೇ ನೇಯ್ದಿರುತ್ತಾರೆ. ಅದು ಅಲುಗಾಟವನ್ನಲ್ಲ, ಹೃದಯದ ವಿದ್ಯುತ್ತನ್ನೇ ಇಸಿಜಿಯಂತೆ ಹಿಡಿಯುತ್ತದೆ. ಆದರೆ ಚರ್ಮಕ್ಕೆ ಸರಿಯಾಗಿ ತಾಗಬೇಕು. ಮತ್ತೆ ಮತ್ತೆ ಒಗೆದರೆ ಲೇಪ ಸವೆಯುತ್ತದೆ.

*ಹೃದಯಾಘಾತ ಯಾಕೆ ತಿಳಿಯುವುದಿಲ್ಲ?*

ಹೃದಯಾಘಾತವೆಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಮುಚ್ಚಿಕೊಳ್ಳುವುದು. ನಾಳ ಮುಚ್ಚಿದ ಮೇಲೂ ಹೃದಯ ನಿಮಿಷಕ್ಕೆ 75 ಸಲ ನೆಟ್ಟಗೆ ಬಡಿಯುತ್ತಿರಬಹುದು. ಶೀಟ್ ಬಡಿತ ಎಣಿಸುತ್ತದೆಯೇ ಹೊರತು ನಾಳದೊಳಗೆ ಇಣುಕುವುದಿಲ್ಲ. ಅದಕ್ಕೆ ಆಸ್ಪತ್ರೆಯ 12 ಲೀಡ್ ಇಸಿಜಿ ಮತ್ತು ರಕ್ತಪರೀಕ್ಷೆಯೇ ಬೇಕು.

ಹಾಗಾಗಿ ರಾತ್ರಿ ಮೂರು ಗಂಟೆಗೆ ತಂದೆ "ಎದೆ ಹಿಂಡಿದ ಹಾಗಾಗ್ತಿದೆ" ಎಂದು ಫೋನ್ ಮಾಡಿದರೆ, ಮಗ ಆ್ಯಪ್ ನೋಡಿ "ಎಲ್ಲ ನಾರ್ಮಲ್ ಇದೆ, ಮಲಗಪ್ಪ" ಎನ್ನಬಾರದು. ಎದೆಯಲ್ಲಿ ಭಾರ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ: ಇವುಗಳಲ್ಲಿ ಯಾವುದಿದ್ದರೂ ತಕ್ಷಣ 108ಕ್ಕೆ ಕರೆ ಮಾಡಿ. ಚೆನ್ನೈಯಲ್ಲೂ ಬೆಂಗಳೂರಿನಲ್ಲೂ ಅದೇ ಸಂಖ್ಯೆ. ಆದರೆ ಬೆಂಗಳೂರಿನಿಂದ ಮಗ 108 ಒತ್ತಿದರೆ ಅದು ಕರ್ನಾಟಕದ ಕೇಂದ್ರಕ್ಕೇ ಹೋಗಬಹುದು. ಕರೆ ಮನೆಯಿಂದಲೇ ಹೋಗಲಿ. ಮಗ ಪಕ್ಕದ ಫ್ಲಾಟಿನವರನ್ನು ಎಬ್ಬಿಸಲಿ. ಸಕ್ಕರೆ ಕಾಯಿಲೆಯವರಿಗೂ ವಯಸ್ಸಾದವರಿಗೂ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು. ಗ್ಯಾಸ್ ಎಂದು ಬೆಳಗಿನವರೆಗೆ ಕಾಯಬೇಡಿ.

*ಹಾಗಾದರೆ ಪ್ರಯೋಜನವೇನು?*

ನಿಧಾನವಾಗಿ ಬರುವ ಬದಲಾವಣೆಯನ್ನು ಕಾಣಿಸುವುದೇ ಇದರ ಶಕ್ತಿ.

1. ವಾರಗಟ್ಟಲೆ ಒಂದೇ ಸಮನಿದ್ದ ರಾತ್ರಿಯ ಬಡಿತ ನಾಲ್ಕೈದು ದಿನದಿಂದ ಏರುತ್ತಿದ್ದರೆ ಜ್ವರ, ಸೋಂಕು, ರಕ್ತಹೀನತೆ, ಥೈರಾಯ್ಡ್ ತೊಂದರೆ ಇರಬಹುದು.

2. ಹೃದಯ ದುರ್ಬಲವಾಗಿರುವವರಲ್ಲಿ ಉಸಿರಾಟದ ವೇಗ ಏರುತ್ತಾ ಹೋದರೆ, ಜೊತೆಗೆ ಕಾಲು ಊದಿದರೆ, ಎರಡು ದಿನದಲ್ಲಿ ತೂಕ ಏರಿದರೆ, ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು. ಅಂದೇ ವೈದ್ಯರಿಗೆ ತಿಳಿಸಿ.

3. ಜೋರು ಗೊರಕೆ, ನಡುನಡುವೆ ಉಸಿರು ನಿಂತಂತಾಗುವುದು ಸ್ಲೀಪ್ ಆಪ್ನಿಯಾ ಇರಬಹುದು. ಇದು ಬಿಪಿ ಏರಿಸುತ್ತದೆ.

4. ಬಡಿತ ಲಯ ತಪ್ಪುತ್ತಿದೆ ಎಂದು ಪದೇ ಪದೇ ತೋರಿಸಿದರೆ ಇಸಿಜಿ ಮಾಡಿಸಿ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷ ಪಾರ್ಶ್ವವಾಯುವಿನ ಅಪಾಯವನ್ನು ಸುಮಾರು ಐದು ಪಟ್ಟು ಹೆಚ್ಚಿಸುತ್ತದೆ. ಬೇಗ ಗೊತ್ತಾದರೆ ಮಾತ್ರೆಯಿಂದ ತಡೆಯಬಹುದು.

*ಬಳಸುವಾಗ ನೆನಪಿಡಿ*

• ಶೀಟ್ ಎದೆಯ ನೇರಕ್ಕೆ ಬರಲಿ. ತುಂಬ ದಪ್ಪದ ಹಾಸಿಗೆಯಲ್ಲಿ ಸಂಕೇತ ಮಸುಕಾಗುತ್ತದೆ.
• ಮಗ್ಗುಲಾದಾಗ, ಕೆಮ್ಮಿದಾಗ ಅಳತೆ ತಪ್ಪುತ್ತದೆ. ಪಕ್ಕದಲ್ಲಿ ಮಲಗಿದವರ ಅಲುಗಾಟವೂ ಬೆರೆಯಬಹುದು. ಒಂದು ರಾತ್ರಿಯ ಅಂಕಿ ನೋಡಿ ಗಾಬರಿಯಾಗಬೇಡಿ.
• ಮೊದಲ ಎರಡು ವಾರದ ಅಂಕಿ ಬರೆದಿಡಿ. ಹೋಲಿಸುವುದಾದರೆ ನಿಮ್ಮ ಅಂಕಿಯೊಂದಿಗೇ ಹೋಲಿಸಿ, ಪಕ್ಕದ ಮನೆಯವರದರೊಂದಿಗೆ ಅಲ್ಲ.
• ನಿದ್ದೆಯಲ್ಲಿ ಬಡಿತ 60ಕ್ಕಿಂತ ಕೆಳಗಿಳಿಯುವುದು ಹಲವರಲ್ಲಿ ಸಹಜ. ಮೆಟೊಪ್ರೊಲೋಲ್‌ನಂಥ ಮಾತ್ರೆ ತಗೊಳ್ಳುವವರಲ್ಲಿ ಇನ್ನೂ ಇಳಿಯಬಹುದು. ತಲೆಸುತ್ತು, ಎಚ್ಚರ ತಪ್ಪುವುದು ಇದ್ದರೆ ಮಾತ್ರ ತಡಮಾಡದೆ ತೋರಿಸಿ.
• ಆ್ಯಪ್ ನೋಡಿ ಮಾತ್ರೆ ನಿಲ್ಲಿಸುವುದಾಗಲಿ, ಹೆಚ್ಚಿಸುವುದಾಗಲಿ ಖಂಡಿತ ಬೇಡ.

ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಇಸಿಜಿ ತೆಗೆಯುತ್ತಾರೆ ಎಂದು ಇಂದೇ ವಿಚಾರಿಸಿಡಿ. ಕೀಲ್ಪಾಕ್‌ನವರಿಗೆ ಪೂನಮಲ್ಲಿ ಹೈರೋಡ್‌ನಲ್ಲಿ ಸರ್ಕಾರಿ ಕೀಲ್ಪಾಕ್ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇದೆ. ಆ ಆಸ್ಪತ್ರೆಯ ಹೆಸರು, 108, ಪಕ್ಕದ ಮನೆಯವರ ಫೋನ್ ನಂಬರ್, ತಗೊಳ್ಳುವ ಮಾತ್ರೆಗಳ ಪಟ್ಟಿ: ಈ ನಾಲ್ಕನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿ.

ಹಿರಿಯರು ಒಂಟಿಯಾಗಿರುವ ಮನೆಗಳಿಗೂ, ದೂರದಲ್ಲಿರುವ ಅವರ ಮಕ್ಕಳಿಗೂ ಇದನ್ನು ತಲುಪಿಸಿ.

*ಇದು ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಗೆ ನಿಮ್ಮ ವೈದ್ಯರ ಮಾತೇ ಅಂತಿಮ.*