ಮೊದಲು ಬತ್ತಿ ನೋಡು, ಆಮೇಲೆ ಸೆಂಟು

ಪುಟ್ಟಿ,

ನೀನು ಕಳಿಸಿದ ಸೋಯಾ ಮೇಣದಬತ್ತಿಯ ಎರಡು ಜಾರೂ ತಲುಪಿದವು. ಮುಚ್ಚಳ ತೆಗೆದ ಕೂಡಲೇ ಮಲ್ಲಿಗೆ ಘಮ್ಮೆಂದಿತು. ಹಚ್ಚಿಟ್ಟು ಎರಡು ಗಂಟೆ ಪಕ್ಕದಲ್ಲೇ ಕೂತೆ. ಮಲ್ಲಿಗೆಯ ಸುಳಿವೇ ಇಲ್ಲ. ಫೋನಿನಲ್ಲಿ ನೀನು ಹೇಳಿಕೊಂಡ ತೊಂದರೆ ಇದೇ. "ದೊಡ್ಡಮ್ಮ, ಮುಂದಿನ ಸಲ ಸೆಂಟನ್ನ ಶೇಕಡಾ 12ಕ್ಕೆ ಏರಿಸಿಬಿಡ್ತೀನಿ" ಅಂದೆಯಲ್ಲ, ಅದು ಬೇಡ. ಸೆಂಟಿನ ಬಾಟಲಿ ಮುಚ್ಚಿಟ್ಟು ಮೊದಲು ಬತ್ತಿ ನೋಡು.

ಇದಕ್ಕೆ ನಮ್ಮವರು ಇಟ್ಟ ಹೆಸರೇ ಮೇಣದಬತ್ತಿ. ಎಂಥ ಬತ್ತಿ ಎಂದು ಹೇಳಲು ಮೇಣ ಎಂಬ ಮಾತು ಮುಂದೆ ಬಂದರೂ ವಸ್ತು ಮಾತ್ರ ಬತ್ತಿಯೇ. ಈ ಕೆಲಸ ಕಲಿಯುತ್ತಾ ಹೋದಂತೆ ಆ ಹೆಸರು ನನಗೆ ಹೆಚ್ಚು ಹೆಚ್ಚು ಸರಿ ಅನಿಸಿದೆ.

ನಿನ್ನ ಜಾರಿನಲ್ಲಿ ಆದದ್ದು ಇಷ್ಟು. ಬತ್ತಿ ಸಣ್ಣದು. ಜ್ವಾಲೆ ನಡುವೆ ಬಾವಿ ತೋಡುತ್ತಾ ಕೆಳಗಿಳಿಯಿತು, ಅಂಚಿನ ಸುತ್ತ ಬೆರಳು ದಪ್ಪ ಮೇಣ ಗೋಡೆಯಂತೆ ಹಾಗೇ ಉಳಿಯಿತು. ಕೋಣೆಗೆ ಬರುವ ಪರಿಮಳ ಜ್ವಾಲೆಯಿಂದ ಬರುವುದಿಲ್ಲ ಕಂದಾ. ಬತ್ತಿ ಹತ್ತಿದ ಸೆಂಟು ಉರಿದೇ ಹೋಗುತ್ತದೆ. ಜ್ವಾಲೆಯ ಸುತ್ತ ಮೇಣ ಕರಗಿ ನಿಲ್ಲುತ್ತದಲ್ಲ, ನಾನು ಕೊಳ ಎನ್ನುತ್ತೇನೆ, ಆ ಕೊಳದ ಮೇಲ್ಮೈಯಿಂದ ಪರಿಮಳ ಆವಿಯಾಗಿ ಏಳುತ್ತದೆ. ನಿನ್ನ ಕೊಳ ಒಂದು ರೂಪಾಯಿ ನಾಣ್ಯದಷ್ಟು. ನೀನು ಹಾಕಿದ ಮಲ್ಲಿಗೆಯೆಲ್ಲ ಆ ಗಟ್ಟಿ ಗೋಡೆಯೊಳಗೆ ಸಿಕ್ಕಿಕೊಂಡಿದೆ. ಇನ್ನಷ್ಟು ಹಾಕಿದರೆ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ, ಅಷ್ಟೇ.

ಸೋಯಾ ಮೇಣದ ಸ್ವಭಾವವನ್ನೂ ಅರಿತುಕೋ. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ವನಸ್ಪತಿ ಮಾಡುತ್ತಾರಲ್ಲ, ಸೋಯಾ ಎಣ್ಣೆ ಮೇಣವಾಗುವುದೂ ಅದೇ ದಾರಿಯಲ್ಲಿ. ಜಾರಿಗೆ ಹೊಯ್ಯುವ ಬಗೆಯದು ಸುಮಾರು 45ರಿಂದ 50 ಡಿಗ್ರಿಗೆಲ್ಲ ಕರಗುತ್ತದೆ. ಆದರೆ ಕರಗಿದ ಮೇಲೂ ಪ್ಯಾರಾಫಿನ್‌ಗಿಂತ ಮಂದ. ಬತ್ತಿಯನ್ನು ನಿಧಾನವಾಗಿ ಹತ್ತುತ್ತದೆ. ಅದಕ್ಕೇ ಪ್ಯಾರಾಫಿನ್‌ಗೆ ಸರಿಹೋದ ಬತ್ತಿ ಅದೇ ಅಳತೆಯ ಜಾರಿನ ಸೋಯಾಗೆ ಸಾಮಾನ್ಯವಾಗಿ ಸಾಲದು. ಬತ್ತಿ ಮಾರುವ ಅಂಗಡಿಯವರ ಪಟ್ಟಿ ನೋಡಿ ಶುರುಮಾಡು, ಅದನ್ನೇ ನಂಬಿ ಕೂರಬೇಡ. ನಿನ್ನ ಜಾರಿನ ಒಳ ಅಗಲ ಏಳೂವರೆ ಸೆಂಟಿಮೀಟರ್. ಅದಕ್ಕೆ ಪಟ್ಟಿ ಹೇಳುವ ಬತ್ತಿ ಒಂದು, ಅದರ ಹಿಂದಿನದೊಂದು, ಮುಂದಿನದೊಂದು, ಹೀಗೆ ಮೂರು ತಂದು ಮೂರು ಜಾರು ಮಾಡು. ಮೇಣ, ಸೆಂಟು, ಹೊಯ್ಯುವ ಬಿಸಿ ಮೂರಕ್ಕೂ ಒಂದೇ ಇರಲಿ. ಎರಡು ಸಂಗತಿಯನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಲಸ ಮಾಡಿತೆಂದು ದೇವರಿಗೂ ಗೊತ್ತಾಗುವುದಿಲ್ಲ.

ಹಚ್ಚುವ ಮೊದಲು ಬತ್ತಿಯನ್ನು 6 ಮಿಲಿಮೀಟರಿಗೆ ಕತ್ತರಿಸು. ಫ್ಯಾನ್ ಆರಿಸು. ನಮ್ಮ ಮನೆಗಳಲ್ಲಿ ಎಷ್ಟೋ ಒಳ್ಳೆಯ ಬತ್ತಿಗಳಿಗೆ ಕೆಟ್ಟ ಹೆಸರು ತಂದದ್ದು ಈ ಫ್ಯಾನು. ಹಚ್ಚಿ ಮೂರು ಗಂಟೆಯಾಗುವ ಹೊತ್ತಿಗೆ ಕೊಳ ಅಂಚು ಮುಟ್ಟಿ, ಒಂದು ಸೆಂಟಿಮೀಟರ್ ಆಳವಿದ್ದು, ಜ್ವಾಲೆ ಅಲ್ಲಾಡದೆ ನಿಂತಿದ್ದರೆ ಆ ಬತ್ತಿಯನ್ನು ಗುರುತು ಹಾಕಿಕೋ. ಮೊದಲ ದಿನವೇ ಅಂಚು ಪೂರ್ತಿ ಕರಗದಿದ್ದರೆ ಗಾಬರಿಯಾಗಬೇಡ, ಕೆಳಗಿಳಿದಂತೆ ಜಾರು ಬಿಸಿಯೇರಿ ಆ ಮೇಣವನ್ನೂ ಎಳೆದುಕೊಳ್ಳಬಹುದು. ಬತ್ತಿಯ ತುದಿಯಲ್ಲಿ ಅಣಬೆಯಂತೆ ಕಪ್ಪು ತಲೆ ಕಟ್ಟಿದರೆ, ಮಸಿ ಎದ್ದರೆ, ಗಾಜು ಮುಟ್ಟಲಾರದಷ್ಟು ಸುಟ್ಟರೆ ಬತ್ತಿ ದಪ್ಪವಾಯಿತು ಎಂದೇ ತಿಳಿ. ನಾಲ್ಕು ಗಂಟೆ ಉರಿದ ಮೇಲೆ ಆರಿಸಿ, ಪೂರ್ತಿ ತಣಿಯಲು ಬಿಟ್ಟು, ಮತ್ತೆ ಕತ್ತರಿಸಿ ಹಚ್ಚು. ಹೀಗೆ ತಳದವರೆಗೂ ಉರಿಸಲೇಬೇಕು. ಮೇಲಿನ ಅರ್ಧದಲ್ಲಿ ಸಾಧುವಾಗಿದ್ದ ಬತ್ತಿ ಕೊನೆಯ ಭಾಗದಲ್ಲಿ ಉಗ್ರವಾಗಬಹುದು. ನಾನೊಮ್ಮೆ ಅರ್ಧ ಉರಿಸಿ ಸಾಕೆಂದುಕೊಂಡಿದ್ದೆ. ಅದೇ ಜಾರು ಕೆಲವು ದಿನಗಳ ಮೇಲೆ ನಮ್ಮ ಅಡುಗೆಮನೆ ಕಟ್ಟೆಯಲ್ಲಿ ತಳ ಬಿರಿಯಿತು. ಅದು ಮಗುವಿರುವ ಯಾರದೋ ಮನೆಯಲ್ಲಿ ಬಿರಿದಿದ್ದರೆ ಎಂದು ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಳದಲ್ಲಿ ಒಂದು ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಿ ಎಂದು ಚೀಟಿಯಲ್ಲಿ ಬರೆದು, ಬೇರೆಯವರಿಗೆ ಕೊಡುವ ಜಾರಿಗೆ ಅಂಟಿಸು.

ಬತ್ತಿ ಗೊತ್ತಾದ ಮೇಲೆ ಸೆಂಟಿನ ಮಾತು. ಶೇಕಡಾ 8ರಿಂದ ಶುರುಮಾಡು; 200 ಗ್ರಾಂ ಮೇಣಕ್ಕೆ 16 ಗ್ರಾಂ. ಚಮಚದ ಲೆಕ್ಕ ಬೇಡ, ತಕ್ಕಡಿಯಲ್ಲಿ ತೂಗು. ಮೇಣ 80–85 ಡಿಗ್ರಿ ಇರುವಾಗ ಹಾಕಿ, ಗಡಿಯಾರ ನೋಡಿಕೊಂಡು ಪೂರ್ತಿ ಎರಡು ನಿಮಿಷ ನಿಧಾನವಾಗಿ ತಿರುವು. ಅವಸರ ಮಾಡಿದರೆ ಸೆಂಟು ಬೆರೆಯದೆ ತಳಕ್ಕಿಳಿಯುತ್ತದೆ. ಪ್ರತಿ ಮೇಣಕ್ಕೂ ಹಿಡಿದಿಟ್ಟುಕೊಳ್ಳುವ ಒಂದು ಮಿತಿಯಿದೆ. ಒಂದು ದೀಪಾವಳಿಗೆ 30 ಜಾರು ಮಾಡಿದಾಗ ನಾನು ಆ ಮಿತಿ ಮೀರಿದೆ. ಮೇಣದ ಮೇಲೆ ಎಣ್ಣೆ ಬೆವರಿನಂತೆ ಹನಿಗಟ್ಟಿತು, ಬತ್ತಿಯ ಬಾಯಿ ಕಟ್ಟಿ ಜ್ವಾಲೆ ಕುಗ್ಗಿತು, ಪರಿಮಳ ಮೊದಲಿಗಿಂತ ಕಡಿಮೆಯಾಯಿತು. ಮೂವತ್ತನ್ನೂ ವಾಪಸ್ ತರಿಸಿಕೊಂಡು ಹಣ ಕೊಟ್ಟೆ.

ಎಲ್ಲ ಸೆಂಟೂ ಒಂದೇ ತರ ನಡೆದುಕೊಳ್ಳುವುದಿಲ್ಲ. ನಿಂಬೆ, ಕಿತ್ತಳೆ ಹಗುರ, ಬೇಗ ಹಾರಿಹೋಗುತ್ತವೆ. ಶ್ರೀಗಂಧ ಭಾರ, ನಿಧಾನವಾಗಿ ಏಳುತ್ತದೆ, ಏಳಲು ಅದಕ್ಕೆ ಒಳ್ಳೆಯ ಬಿಸಿ ಕೊಳ ಬೇಕು. ವೆನಿಲಾ ಮೇಣವನ್ನು ಕಂದು ಮಾಡುತ್ತದೆ, ಬತ್ತಿಯ ಬಾಯನ್ನೂ ಕಟ್ಟಬಹುದು. ಆದ್ದರಿಂದ ಮಲ್ಲಿಗೆಗೆ ಹೊಂದಿದ ಬತ್ತಿ ವೆನಿಲಾಗೂ ಹೊಂದುತ್ತದೆ ಎಂದುಕೊಳ್ಳಬೇಡ. ಸೆಂಟು ಬದಲಾದರೆ ಪರೀಕ್ಷೆಯೂ ಹೊಸದು. ಮೇಲೆ ಬಿಳಿ ಹೂ ಮೂಡಿದಂತೆ ಕಾಣುವುದಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳಬೇಡ. ಅದು ಸೋಯಾದ ಗುಣ, ನನಗಂತೂ ಚೆಂದವೇ.

ಹೊಯ್ದ ಮೇಲೆ ಎರಡು ವಾರ ಮುಚ್ಚಿಡು. ನೀನು ಮೂರನೇ ದಿನಕ್ಕೇ ಹಚ್ಚಿ ನಿರಾಶೆಪಟ್ಟೆಯಂತೆ, ನಿಮ್ಮಮ್ಮ ಹೇಳಿದಳು. ಉಪ್ಪಿನಕಾಯಿ ಹಾಕಿದ ಮೂರನೇ ದಿನಕ್ಕೆ ರುಚಿ ನೋಡಿ ಬಿಸಾಡುತ್ತೇವೆಯೇ? ಪರೀಕ್ಷೆಗೆ ನಿನ್ನ ಮೂಗನ್ನೂ ನಂಬಬೇಡ, ದಿನವಿಡೀ ಸೆಂಟಿನ ನಡುವೆ ಇದ್ದು ಅದು ಮರಗಟ್ಟಿರುತ್ತದೆ. ಪಕ್ಕದ ಮನೆಯವರನ್ನು ಕರೆದು, ಏನನ್ನೂ ಹೇಳದೆ ಒಳಗೆ ಬಿಟ್ಟು, ಏನು ವಾಸನೆ ಎಂದು ಕೇಳು.

ನನ್ನ ಹಳೆಯ ನೋಟುಬುಕ್ಕನ್ನು ನಿಮ್ಮಮ್ಮನ ಕೈಲಿ ಕಳಿಸುತ್ತಿದ್ದೇನೆ. ಜಾರು, ಬತ್ತಿ, ತೂಕ, ಬಿಸಿ, ಗಂಟೆಗಂಟೆಗೆ ಕೊಳದ ಅಗಲ ಎಲ್ಲ ಇದೆ. ಕೊನೆಯ 20 ಪುಟ ಖಾಲಿ ಬಿಟ್ಟಿದ್ದೇನೆ. ಮೂರು ಜಾರು ಹೊಯ್ದ ದಿನ ತಾರೀಖು ಬರೆದು ನನಗೆ ಫೋನು ಮಾಡು. ಎರಡು ವಾರ ಕಳೆದ ಭಾನುವಾರ ಬರುತ್ತೇನೆ, ಮೂರನ್ನೂ ಒಟ್ಟಿಗೆ ಹಚ್ಚೋಣ.

ನಿನ್ನ
ದೊಡ್ಡಮ್ಮ