ಕೌದಿ

ಬಳ್ಳಾರಿಯಂತಹ ಊರಿನಲ್ಲಿ ಕೌದಿಯ ಮಾತೆತ್ತಿದರೆ ಕೇಳಿದವರು ನಗುವುದು ಸಹಜ. ಬೇಸಗೆಯಲ್ಲಿ ಬಂಡೆಗಳು ಕಾದು ಕೆಂಡವಾಗುವ, ಉಷ್ಣಮಾನವು 40 ಡಿಗ್ರಿಯನ್ನು ಅನಾಯಾಸವಾಗಿ ದಾಟುವ ಈ ಸೀಮೆಯಲ್ಲಿ ಹೊದೆಯಲು ಕೌದಿ ಏತಕ್ಕೆ? ಬೆಂಗಳೂರಿನಿಂದ ಬಂದ ನೆಂಟರೊಬ್ಬರು ನನ್ನನ್ನು ಹೀಗೆಯೇ ಕೇಳಿದ್ದರು. ನಮ್ಮ ಕಡೆಯಲ್ಲಿ ಕೌದಿಯನ್ನು ಹೊದೆಯುವುದಕ್ಕಿಂತ ಹಾಸುವುದೇ ಹೆಚ್ಚೆಂಬ ಸಂಗತಿ ಅವರಿಗೆ ತಿಳಿದಿರಲಿಲ್ಲ. ಸಂಜೆ ಮಾಳಿಗೆಯ ಮೇಲೆ ನೀರು ಚಿಮುಕಿಸಿ, ಕಾವು ಇಳಿದ ಮೇಲೆ ಕೌದಿ ಹಾಸಿ ಮಲಗಿದವರಿಗೆ ಅದರ ಸುಖ ಗೊತ್ತು. ಕೂಸಿಗೆ ತೊಟ್ಟಿಲಲ್ಲಿ, ಬಾಣಂತಿಗೆ ಹೊರಸಿನ ಮೇಲೆ, ಜಾತ್ರೆಗೆ ಹೊರಟವರಿಗೆ ಬಂಡಿಯ ಹುಲ್ಲಿನ ಮೇಲೆ, ಕಡೆಗೆ ಕಾಯಿಲೆ ಬಿದ್ದವರಿಗೆ ಗೋಡೆಯ ಪಕ್ಕದಲ್ಲಿ, ಹೀಗೆ ಎಲ್ಲಕ್ಕೂ ಕೌದಿಯೇ ಆಗಬೇಕು.

ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹರವಿ, ಒಂದರೊಡನೊಂದನ್ನು ಸೇರಿಸಿ ಹೊಲಿದುದೇ ಕೌದಿ. ಇದನ್ನು ಬೊಂತೆಯೆಂದೂ ಕರೆಯುತ್ತಾರೆ. ಬೊಂತೆ ಎಂಬ ಮಾತು ಬಹಳ ಹಳೆಯದು. ಹನ್ನೆರಡನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರಿನಲ್ಲಿಯೇ ಅದು ನಿಂತಿದೆ. ಕಾಶ್ಮೀರದ ಅರಸುಮನೆತನವನ್ನು ತೊರೆದು, ಮೈಮೇಲಿನ ಬಟ್ಟೆಯನ್ನೂ ಬಿಟ್ಟು ಕಲ್ಯಾಣದ ದಾರಿ ಹಿಡಿದವಳಿಗೆ ಶಿವನು ಬೊಂತೆಯೊಂದನ್ನು ಕೊಟ್ಟನೆಂದು ಐತಿಹ್ಯ. ಅದೇ ಕಾಲದ ಸೂಜಿಕಾಯಕದ ರಾಮಿತಂದೆಯಂತೂ ಸೂಜಿಯನ್ನೇ ತನ್ನ ಹೆಸರಿನ ಭಾಗವನ್ನಾಗಿ ಮಾಡಿಕೊಂಡ ವಚನಕಾರ. ತರಗತಿಯಲ್ಲಿ ವಚನಗಳನ್ನು ಪಾಠ ಹೇಳುವಾಗಲೆಲ್ಲ ಈ ಇಬ್ಬರ ಹೆಸರು ಬಂದರೆ ನನಗೆ ಒಂದು ಬಗೆಯ ನಂಟಸ್ತಿಕೆಯ ಹಿಗ್ಗು. ಏಕೆಂದರೆ ಶಾಲೆಯ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ನಾನು ಕೈಗೆತ್ತಿಕೊಳ್ಳುತ್ತಿದ್ದುದೂ ಸೂಜಿಯನ್ನೇ.

ನಾನು ಹುಟ್ಟಿ ಬೆಳೆದುದು ಸಿರುಗುಪ್ಪ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದ ಒಂದು ಹಳ್ಳಿಯಲ್ಲಿ. ಮದುವೆಯಾಗಿ 1984ರಲ್ಲಿ ಬಳ್ಳಾರಿಯ ಕಂಟೋನ್ಮೆಂಟಿಗೆ ಬಂದೆ. ಕಂಟೋನ್ಮೆಂಟೆಂದರೆ ದಂಡಿನ ಪ್ರದೇಶ. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಒಪ್ಪಿಸಿಕೊಟ್ಟ ಮೇಲೆ ಅವರು ಇಲ್ಲಿ ಸೈನ್ಯವನ್ನಿರಿಸಿದರು. ಸೈನ್ಯವಿದ್ದಲ್ಲಿ ಸಮವಸ್ತ್ರ ಬೇಕು. ಸಮವಸ್ತ್ರಕ್ಕೆ ದರ್ಜಿಗಳು ಬೇಕು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಮರಾಠಿ ಮಾತನಾಡುವ ದರ್ಜಿಗಳು ಸೈನಿಕರ ಬಟ್ಟೆ ಹೊಲಿಯಲು ಇಲ್ಲಿಗೆ ಬಂದರೆಂದು ಹೇಳುತ್ತಾರೆ. ಯುದ್ಧ ಮುಗಿಯಿತು, ದಂಡು ಹೋಯಿತು, ದರ್ಜಿಗಳು ಉಳಿದರು. ಅವರು ಶಾಲಾ ಮಕ್ಕಳ ಸಮವಸ್ತ್ರ ಹೊಲಿದರು. ಮುಂದೆ ಜೀನ್ಸ್ ಹೊಲಿಯುವ ಕಾಲ ಬಂದಿತು. ಇಂದು ಬಳ್ಳಾರಿಯ ಜೀನ್ಸ್ ಹೊರರಾಜ್ಯಗಳಿಗೂ ಹೋಗುತ್ತದೆ. ಹೊರಗೆ ಹೋಗದೆ ಇಲ್ಲಿಯೇ ಉಳಿಯುವುದು ಕತ್ತರಿಸಿ ಬಿಟ್ಟ ತುಂಡುಬಟ್ಟೆ. ಅದರಲ್ಲಿ ಒಂದು ಪಾಲು ನನ್ನ ಮನೆಗೆ ಬರುತ್ತದೆ.

ಕೌದಿಯ ವಿಷಯದಲ್ಲಿ ನಾನು ಒಂದು ನೋಟುಬುಕ್ಕನ್ನು ಇಟ್ಟಿದ್ದೇನೆ. ಉಪಾಧ್ಯಾಯರಿಗೆ ಲೆಕ್ಕ ಬರೆದಿಡುವ ಚಾಳಿ ಬಿಡುವುದಿಲ್ಲ. ಅದರ ಮೊದಲನೆಯ ಪುಟದಲ್ಲಿ 1974 ಎಂದಿದೆ. ಆಗ ನನಗೆ ಹದಿಮೂರು ವರ್ಷ. ಅವ್ವ ನೆಲದ ಮೇಲೆ ಹಳೆಯ ಸೀರೆಯೊಂದನ್ನು ಬಿಗಿಯಾಗಿ ಹರವಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲುಗಳನ್ನಿಟ್ಟು, ಅದರ ಮೇಲೆ ಅಪ್ಪನ ಧೋತರ, ಅಜ್ಜಿಯ ಸೀರೆ, ನಮ್ಮ ಲಂಗಗಳನ್ನು ಒಂದೊಂದಾಗಿ ಹಾಸುತ್ತಿದ್ದಳು. ಸುಕ್ಕಿರಬಾರದು. ಒಳಗಿನ ಸುಕ್ಕು ಮಲಗಿದವರ ಬೆನ್ನಿಗೆ ಚುಚ್ಚುತ್ತದೆ. ಎಲ್ಲಕ್ಕಿಂತ ಮೇಲೆ ಅಂದವಾದ ತುಂಡುಗಳು: ಖಣದ ಕುಪ್ಪಸದ ತೋಳು, ಇಳಕಲ್ ಸೀರೆಯ ಸೆರಗಿನ ಕೆಂಪು, ಹರಿದ ಚಾದರದ ಹೂವು. ಅನಂತರ ಅಂಚಿನಿಂದ ಆರಂಭಿಸಿ, ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೊಲಿಗೆ ಸಾಗಬೇಕು. ಅವಳು ಒಂದು ಮೂಲೆಯನ್ನು ನನಗೆ ಬಿಟ್ಟುಕೊಟ್ಟಳು. ನನ್ನ ಹೊಲಿಗೆ ಎತ್ತಿನ ಉಚ್ಚೆಯಂತೆ ಡೊಂಕುಡೊಂಕಾಗಿ ಹೋಯಿತು. ಅಪ್ಪ ನಕ್ಕನು, ಅವ್ವ ನಗಲಿಲ್ಲ. “ಇರಲಿ ಬಿಡ್ರಿ, ನಿದ್ದಿ ಬಂದೋರಿಗೆ ಡೊಂಕು ಕಾಣಂಗಿಲ್ಲ” ಎಂದಳು.

ನಾನಾಗಿ ಪೂರ್ತಿ ಹೊಲಿದ ಮೊದಲ ಕೌದಿ 1985ರದು, ನನ್ನ ಚೊಚ್ಚಲ ಮಗನಿಗೆ. ನೌಕರಿಯ ಕಾಲದಲ್ಲಿ ಒಟ್ಟು ಆರು. 2021ರಲ್ಲಿ ನಿವೃತ್ತಳಾದ ಮೇಲೆ ಹನ್ನೊಂದು. ಈ ಹದಿನೇಳರಲ್ಲಿ ಒಂದನ್ನೂ ಮಾರಿಲ್ಲ. ಮಾರಿದರೆ ಬೆಲೆ ಹೇಳಬೇಕಾಗುತ್ತದೆ. ಎರಡು ತಿಂಗಳ ಮಧ್ಯಾಹ್ನಗಳಿಗೆ ಏನು ಬೆಲೆ ಹೇಳುವುದೋ ನನಗೆ ತಿಳಿಯದು.

ಹಾಗೆಂದು ಸೂಜಿಯಿಂದ ಹೊಟ್ಟೆ ಹೊರೆಯುವವರ ಬಗೆಗೆ ನನಗೆ ಅನಾದರವಿಲ್ಲ. ನಮ್ಮ ಜಿಲ್ಲೆಯ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಂದಿ ಲಂಬಾಣಿ ಕಲಾವಿದೆಯರು ಹೊಲಿದ 1,755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿದರು. ಅದು ಗಿನ್ನೆಸ್ ದಾಖಲೆಯಾಯಿತು. ಕನ್ನಡಿಯ ಬಿಲ್ಲೆ, ಕವಡೆ, ಬಣ್ಣದ ದಾರಗಳಿಂದ ಅವರು ಮಾಡುವ ಕೆಲಸದ ಮುಂದೆ ನನ್ನ ಕೌದಿ ಬಡವಿಯಂತೆ ಕಾಣುತ್ತದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಂಚಿನಲ್ಲಿರುವ ಸಿದ್ದಿ ಜನರ ಕೌದಿಯ ರೀತಿಯೇ ಬೇರೆ. ಹಿಂದೆ ಆಫ್ರಿಕದಿಂದ ಬಂದವರ ಸಂತತಿ ಅವರು. ಅವರ ಹೆಂಗಸರು ಕವಂದಿಯನ್ನು ಮೂಲೆಯಿಂದ ಆರಂಭಿಸಿ, ತುಂಡುಗಳನ್ನು ಸೇರಿಸುತ್ತ ಸೇರಿಸುತ್ತಲೇ ನಡುವಿಗೆ ಬರುತ್ತಾರೆ. ಮುಗಿದ ಮೇಲೆ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ‘ಫೂಲ’ಗಳನ್ನು ಇಡುತ್ತಾರೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಇದನ್ನು ತಿಳಿದಂದಿನಿಂದ ನಾನೂ ಮೂಲೆಗಳಿಗೆ ಹೂವಿಡುತ್ತೇನೆ. ಕಲಿತದ್ದನ್ನು ಕಲಿತೆನೆಂದು ಹೇಳಬೇಕು.

ಈಗ ಕೈಯಲ್ಲಿರುವ ಕೌದಿಗಳು ಮೂರು. ಮೊದಲನೆಯದು ಜೀನ್ಸಿನದು. ಅದನ್ನು ಕೇಳಿದವನು ಮಗ. ಜೀನ್ಸ್ ಬಟ್ಟೆ ಒರಟು. ಎರಡು ಪದರ ಕೂಡಿದಲ್ಲಿ ಸೂಜಿ ಹೋಗುವುದಿಲ್ಲ, ಹೋದರೆ ಬರುವುದಿಲ್ಲ. ಆರು ಸೂಜಿಗಳು ಮುರಿದುವು. ಬಟ್ಟೆಯ ದಪ್ಪ ಅಂಚುಗಳನ್ನು ಕತ್ತರಿಸಿ ತೆಗೆದು, ನಡುವೆ ಒಂದೇ ಒಂದು ತೆಳುವಾದ ಸೀರೆಯನ್ನಿಟ್ಟ ಮೇಲೆ ಕೆಲಸ ಸಾಗಿತು. ಆದರೆ ನಾನು ಮಾಡಿದ ದೊಡ್ಡ ತಪ್ಪು ಬೇರೆ. ನೀಲಿ ಬಣ್ಣ ನೂಲಿನ ಒಳಗೆ ಇಳಿಯದೆ ಮೇಲೆಮೇಲೆಯೇ ನಿಲ್ಲುವುದು ಜೀನ್ಸಿನ ಗುಣ. ಆದುದರಿಂದಲೇ ಅದು ತೊಟ್ಟಂತೆಲ್ಲ ಮಾಸುತ್ತದೆ. ಇದು ಗೊತ್ತಿದ್ದೂ ಹೊಸ ತುಂಡುಗಳನ್ನು ತೊಳೆಯದೆ ಬಿಳಿಯ ಧೋತರದ ಪಕ್ಕದಲ್ಲಿ ಹೊಲಿದೆ. ಮೊದಲ ಒಗೆತಕ್ಕೆ ಧೋತರವೆಲ್ಲ ನೀಲಿ. ಒಂದು ತಿಂಗಳ ಕೆಲಸವನ್ನು ಬಿಚ್ಚಬೇಕಾಯಿತು. ಈಗ ತುಂಡುಗಳನ್ನು ನೀರು ತಿಳಿಯಾಗುವ ತನಕ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಸೂಜಿ ಮುಟ್ಟುತ್ತೇನೆ.

ಎರಡನೆಯದು, ಬರಲಿರುವ ಮೊಮ್ಮಗುವಿಗೆ ಪುಟ್ಟ ಕೌದಿ ಮತ್ತು ಅದರೊಡನೆ ಒಂದು ಕುಂಚಿಗೆ. ಇದು ಸಂತೋಷದ ಕೆಲಸ. ಹೆಚ್ಚು ಹೇಳುವುದಿಲ್ಲ.

ಮೂರನೆಯದು ನನ್ನದಲ್ಲ.

2009ರ ಸೆಪ್ಟೆಂಬರ್ ಕಡೆಯಲ್ಲಿ, ಅಕ್ಟೋಬರ್ ಮೊದಲಿನಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಯನ್ನು ಕಂಡವರು ಮರೆಯಲಾರರು. ಹೊಳೆಗಳು ಊರುಗಳನ್ನು ಹೊಕ್ಕುವು. ಸಿರುಗುಪ್ಪ ತಾಲ್ಲೂಕಿನ ದಡದ ಹಳ್ಳಿಗಳಲ್ಲಿ ನಮ್ಮದೂ ಒಂದು. ನೀರು ಇಳಿದ ಮೇಲೆ ನಾವು ಹೋಗಿ ನೋಡಿದೆವು. ಮಣ್ಣಿನ ಗೋಡೆಗಳು ಕುಸಿದಿದ್ದುವು. ಅವ್ವ ಜೀವಮಾನವೆಲ್ಲ ಹೊಲಿದು ಅಟ್ಟದ ಮೇಲೆ ಒಟ್ಟಿದ್ದ ಕೌದಿಗಳು ಕೆಸರಿನಲ್ಲಿ ಕೊಳೆತು, ಎತ್ತಿದರೆ ಕೈಯಲ್ಲಿಯೇ ಬಿಡುತ್ತಿದ್ದುವು. ಅವಳು ಅಳಲಿಲ್ಲ. ಟ್ರಂಕಿನಲ್ಲಿ ಉಳಿದಿದ್ದ ಬಟ್ಟೆಗಳನ್ನಷ್ಟೇ ಒಂದು ಗಂಟು ಕಟ್ಟಿಕೊಂಡು ನನ್ನೊಡನೆ ಕಂಟೋನ್ಮೆಂಟಿಗೆ ಬಂದಳು. ಆ ಬಟ್ಟೆಗಳನ್ನು ಎಷ್ಟು ಒಗೆದರೂ ಎರೆಮಣ್ಣಿನ ಕರೆ ಹೋಗಲಿಲ್ಲ. ಎಸೆದುಬಿಡೋಣವೆಂದೆ. “ಮಣ್ಣು ನಮ್ಮ ಹೊಲದ್ದ ಐತಲ್ಲವ್ವಾ” ಎಂದು ಹೇಳಿ, ಅವನ್ನೇ ಹರವಿಕೊಂಡು ಹೊಲಿಯಲು ಕುಳಿತಳು.

ಎರಡು ವರ್ಷ ಹೊಲಿದಳು. ದಿನಕ್ಕೆ ಒಂದು ಮಾರು, ಆಮೇಲೆ ಒಂದು ಮೊಳ, ಆಮೇಲೆ ಒಂದು ಗೇಣು. ನಡುವೆ ಒಂದೂವರೆ ಮೊಳದಷ್ಟು ಜಾಗ ಉಳಿದಿದ್ದಾಗ, 2011ರಲ್ಲಿ ತೀರಿಕೊಂಡಳು. ಸೂಜಿ ಬಟ್ಟೆಯಲ್ಲಿಯೇ ಇದ್ದಿತು. ನಾನು ಕೌದಿಯನ್ನು ಹಾಗೆಯೇ ಮಡಿಸಿ ಟ್ರಂಕಿನಲ್ಲಿ ಇರಿಸಿದೆ.

ಹನ್ನೊಂದು ವರ್ಷ ಅದನ್ನು ತೆಗೆಯಲಿಲ್ಲ. ಕೆಲಸದ ಒತ್ತಡವೆಂದು ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ಅಂಜಿಕೆ. ನಾನು ಕೈಯಿಟ್ಟರೆ ಅದು ಅವಳದಾಗಿ ಉಳಿಯುವುದೇ? ಕೈಯಿಡದಿದ್ದರೆ ಅದು ಕೌದಿಯೇ ಆಗುವುದಿಲ್ಲ. ಹೊಲಿಯದ ಪದರಗಳು ಜಾರಿ ಮುದ್ದೆಯಾಗುತ್ತವೆ. 2022ರಲ್ಲಿ ನನ್ನ ಕಣ್ಣಿನ ಪೊರೆ ತೆಗೆದರು. ಕಟ್ಟು ಬಿಚ್ಚಿ, ಕನ್ನಡಕ ಬಂದ ಮೇಲೆ ಬಣ್ಣಗಳೆಲ್ಲ ಹೊಸದಾಗಿ ಕಾಣತೊಡಗಿದುವು. ಆ ವಾರವೇ ಟ್ರಂಕನ್ನು ತೆರೆದೆ. ಸೂಜಿ ತುಕ್ಕು ಹಿಡಿದು ಬಟ್ಟೆಗೆ ಅಂಟಿಕೊಂಡಿದ್ದಿತು. ಮೆಲ್ಲಗೆ ಬಿಡಿಸಿದಾಗ ಅದರ ಆಕಾರದ್ದೇ ಒಂದು ಕಂದು ಗೆರೆ ಖಣದ ತುಂಡಿನ ಮೇಲೆ ಉಳಿಯಿತು.

ಅವಳ ಹೊಲಿಗೆಯನ್ನು ಎಣಿಸಿ ನೋಡಿದೆ. ಒಂದು ಗೇಣಿಗೆ ಮೂವತ್ತು. ನನ್ನದು ಇಪ್ಪತ್ತೆರಡಕ್ಕಿಂತ ಹೆಚ್ಚಿಲ್ಲ. ಎಪ್ಪತ್ತು ದಾಟಿದ, ಪೊರೆ ಬಂದ ಕಣ್ಣಿನ ಹೆಂಗಸು ಬೆರಳಿನ ಸ್ಪರ್ಶದಿಂದಲೇ ಮೂವತ್ತು ಹಾಕಿದ್ದಳು. ನಾನು ಅದನ್ನು ಸರಿಗಟ್ಟಲು ಹಟ ಹಿಡಿದೆ. ಒಂದು ಸುತ್ತು ಹೊಲಿದು ನೋಡಿದರೆ ಬಟ್ಟೆ ಬಿಗಿದು ನೆರಿಗೆಯಾಗಿದ್ದಿತು, ಬಿಚ್ಚಿದೆ. ಮತ್ತೆ ಹೊಲಿದೆ, ಮತ್ತೆ ಬಿಚ್ಚಿದೆ. ಪರಿಚಯದ ದರ್ಜಿಯೊಬ್ಬರು, “ಅಕ್ಕಾರೆ, ಮಶೀನಿಗೆ ಕೊಡ್ರಿ, ಅರ್ಧ ತಾಸಿನ ಕೆಲಸ” ಎಂದರು. ಅವರು ಹೇಳಿದುದು ಒಳ್ಳೆಯ ಮನಸ್ಸಿನಿಂದಲೇ. ನಾನು ಕೊಡಲಿಲ್ಲ.

ಎರಡನೆಯ ಸಲ ಬಿಚ್ಚಿದಾಗ ಒಳಪದರ ಕಣ್ಣಿಗೆ ಬಿದ್ದಿತು. ಮೇಲಿನ ಖಣದ ಕೆಳಗೆ ಅಪ್ಪನ ಅಂಗಿ. ಬೆಳಗಾಗೆದ್ದು ಭತ್ತದ ಗದ್ದೆಗೆ ಹೋಗುವಾಗ ತೊಡುತ್ತಿದ್ದ ಗಟ್ಟಿ ಬಟ್ಟೆಯ ಅಂಗಿ. ಕಿಸೆಯ ಹೊಲಿಗೆಯೂ ಹಾಗೆಯೇ ಇದೆ. ಅಪ್ಪ ಹೋಗಿ ಆಗಲೇ ಎಷ್ಟೋ ವರ್ಷವಾಗಿದ್ದಿತು. ಆ ಅಂಗಿಯನ್ನು ಅವಳು ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳೆಂಬುದೇ ನನಗೆ ತಿಳಿದಿರಲಿಲ್ಲ. ಅದನ್ನು ಯಾರಿಗೂ ಕಾಣದಂತೆ, ಸರಿಯಾಗಿ ನಡುವಿನಲ್ಲಿ ಇರಿಸಿದ್ದಳು.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಹಿಂದೆ ಗುಲಾಮರಾಗಿ ಹತ್ತಿಯ ಹೊಲಗಳಲ್ಲಿ ದುಡಿದವರ ವಂಶದ ಹೆಂಗಸರು ಅಲ್ಲಿ ಕೌದಿ ಹೊಲಿಯುತ್ತಾರೆ. 2002ರಲ್ಲಿ ಅವರ ಕೌದಿಗಳನ್ನು ನ್ಯೂಯಾರ್ಕಿನ ವಿಟ್ನಿ ಕಲಾಸಂಗ್ರಹಾಲಯದಲ್ಲಿ ಗೋಡೆಗೆ ತೂಗುಹಾಕಿ ತೋರಿಸಿದರು. ಅವರಲ್ಲಿ ಮಿಸ್ಸೌರಿ ಪೆಟ್ವೇ ಎಂಬಾಕೆ 1942ರಲ್ಲಿ, ಗಂಡ ತೀರಿಹೋದ ಮೇಲೆ, ಅವನು ಹೊಲದಲ್ಲಿ ದುಡಿಯುವಾಗ ತೊಡುತ್ತಿದ್ದ ಬಟ್ಟೆಗಳನ್ನೇ ಕತ್ತರಿಸಿ ಕೌದಿ ಮಾಡಿಕೊಂಡಳು. ಅವನ ನೆನಪಿಗಾಗಿ, ಹೊದ್ದು ಮಲಗುವುದಕ್ಕಾಗಿ. ಇದನ್ನು ಓದಿದಾಗ ನಾನು ಪುಸ್ತಕವನ್ನು ಕೆಳಗಿರಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಸಿರುಗುಪ್ಪದ ಕಡೆಯ ಒಬ್ಬ ಹೆಂಗಸಿಗೆ ಆ ಊರಿನ ಹೆಸರೂ ಗೊತ್ತಿರಲಿಲ್ಲ.

ಅಂದಿನಿಂದ ಮೂವತ್ತರ ಹಟವನ್ನು ಬಿಟ್ಟೆ. ಅವಳು ಬಿಳಿಯ ದಾರ ಬಳಸಿದ್ದಳು. ನಾನು ಕೆಂಪು ದಾರ ಪೋಣಿಸಿದೆ. ಅವಳ ಕಡೆಯ ಹೊಲಿಗೆಯ ಪಕ್ಕದಿಂದಲೇ ನನ್ನದು ಆರಂಭವಾಗುತ್ತದೆ, ಇಪ್ಪತ್ತೆರಡರ ಲೆಕ್ಕದಲ್ಲಿ. ಯಾರ ಕೆಲಸ ಎಲ್ಲಿ ನಿಂತಿತೆಂಬುದು ನೋಡಿದ ಕೂಡಲೇ ತಿಳಿಯುತ್ತದೆ. ತುಕ್ಕಿನ ಗೆರೆಯನ್ನು ತೆಗೆಯಲು ನಿಂಬೆಹಣ್ಣು, ಉಪ್ಪು ಹಚ್ಚಿದರೆ ಆದೀತೆಂದು ಸೊಸೆ ಹೇಳಿದಳು. ಬೇಡವೆಂದೆ.

ಈಗ ನಡುವೆ ಅಂಗೈ ಅಗಲದಷ್ಟು ಜಾಗ ಮಾತ್ರ ಉಳಿದಿದೆ. ಕಿಸೆ ಇರುವುದು ಅಲ್ಲಿಯೇ. ಅಲ್ಲಿ ಬಟ್ಟೆ ದಪ್ಪ. ದಿನಕ್ಕೆ ಒಂದು ಸುತ್ತಿಗಿಂತ ಹೆಚ್ಚು ಆಗುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಪಡಸಾಲೆಯ ಕಿಟಕಿಯಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ. ಆಗ ಕೂರುತ್ತೇನೆ. ಕಂಟೋನ್ಮೆಂಟ್ ಸ್ಟೇಷನ್ನಿನ ಕಡೆಯಿಂದ ರೈಲು ಕೂಗುವುದು ಕೇಳಿಸುತ್ತದೆ. ಬೆಳಕು ಇಳಿಯುವ ಮೊದಲು ಸೂಜಿಯನ್ನು ಬಟ್ಟೆಯಿಂದ ತೆಗೆದು ಡಬ್ಬಿಯಲ್ಲಿ ಹಾಕಿ ಮುಚ್ಚುತ್ತೇನೆ.